ಭೂಮಿಯ ಶಾಖದ ಲೆಕ್ಕ ಬರೆದ ಸ್ವಾಂಟೆ ಅರ್ಹೇನಿಯಸ್

ಬೇಸಗೆಯ ರಜೆಯಲ್ಲಿ ನಾವು ಚೆನ್ನೈಯಿಂದ ಊರಿಗೆ ಹೋದಾಗ, ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಆಡುವ ಮಾತಿನಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಈಗಿನ ಬಿಸಿಲು ಹಿಂದಿನ ಬಿಸಿಲಲ್ಲ. ರಾತ್ರಿಯಾದರೂ ನೆಲ ತಣಿಯುವುದಿಲ್ಲ. ಮಳೆ ಬರಬೇಕಾದ ಹೊತ್ತಿಗೆ ಬರುವುದಿಲ್ಲ, ಬಂದರೆ ಒಂದೇ ದಿನದಲ್ಲಿ ಸುರಿದು ಹೋಗುತ್ತದೆ. ಒಬ್ಬರು ಇದನ್ನು ಕಾಲಮಹಿಮೆ ಎನ್ನುತ್ತಾರೆ. ಇನ್ನೊಬ್ಬರು ಕಾಡು ಕಡಿದುದರ ಫಲವೆನ್ನುತ್ತಾರೆ. ಮತ್ತೊಬ್ಬರು ಜಗತ್ತೇ ಬಿಸಿಯಾಗುತ್ತಿದೆಯೆಂದು ಪತ್ರಿಕೆಯಲ್ಲಿ ಓದಿದುದನ್ನು ಹೇಳುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಬದಲಾವಣೆಯನ್ನು ಕಣ್ಣಿನಿಂದ ಕಾಣುವುದು ಬೇರೆ, ಅದಕ್ಕೆ ಕಾರಣ ಇಂಥದೇ ಎಂದು ಸಾಧಿಸಿ ತೋರಿಸುವುದು ಬೇರೆ. ಮೊದಲನೆಯದು ಎಲ್ಲರಿಂದಲೂ ಆಗುವ ಕೆಲಸ. ಎರಡನೆಯದಕ್ಕೆ ಲೆಕ್ಕ ಬೇಕು.

ಆ ಲೆಕ್ಕದ ಮೊದಲ ಪುಟಗಳನ್ನು ಬರೆದವರು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್. ನಮ್ಮ ಮಕ್ಕಳಿಗೆ ಈ ಹೆಸರು ಅಪರಿಚಿತವಲ್ಲ. ರಸಾಯನಶಾಸ್ತ್ರದ ಪಾಠದಲ್ಲಿ ಆಮ್ಲವೆಂದರೇನು, ಪ್ರತ್ಯಾಮ್ಲವೆಂದರೇನು ಎಂಬಲ್ಲಿ ಅವರ ಹೆಸರನ್ನು ಉರುಹೊಡೆದಿರುತ್ತಾರೆ. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದನೆಂಬುದನ್ನೂ, ಅವನು ಒಂದು ವರ್ಷ ಕಾಲ ಪೆನ್ಸಿಲು ಹಿಡಿದು ಇಡೀ ಭೂಮಂಡಲದ ಶಾಖವನ್ನು ಲೆಕ್ಕಹಾಕಿದನೆಂಬುದನ್ನೂ ಪಠ್ಯಪುಸ್ತಕ ಸಾಮಾನ್ಯವಾಗಿ ಹೇಳುವುದಿಲ್ಲ.

ಅರ್ಹೇನಿಯಸ್ಸರು ಜನಿಸಿದುದು ೧೮೫೯ನೆಯ ಇಸವಿ ಫೆಬ್ರವರಿ ೧೯ರಂದು, ಉಪ್ಸಾಲ ನಗರದ ಸಮೀಪದ ವೀಕ್ ಎಂಬಲ್ಲಿ. ಆ ಇಸವಿಯನ್ನು ಸ್ವಲ್ಪ ನೆನಪಿನಲ್ಲಿಡಬೇಕು. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ, ಗಾಳಿಯಲ್ಲಿರುವ ನೀರಾವಿಯೂ ಇಂಗಾಲಾಮ್ಲ ವಾಯುವೂ ಶಾಖವನ್ನು ಹೀರಿಕೊಳ್ಳುತ್ತವೆಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆಯತೊಡಗಿದರು. ಅದೇ ವರ್ಷ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಎಂಬಾತ ನೆಲ ಕೊರೆದು ಕಲ್ಲೆಣ್ಣೆಯನ್ನು ಮೇಲಕ್ಕೆ ತಂದರು. ಒಂದು ಕಡೆ ರೋಗದ ಮೂಲ, ಇನ್ನೊಂದು ಕಡೆ ಅದನ್ನು ಗುರುತಿಸುವ ಉಪಾಯ, ಮತ್ತೊಂದು ಕಡೆ ಅವೆರಡನ್ನೂ ಸೇರಿಸಿ ನೋಡಲಿದ್ದ ಕೂಸು, ಈ ಮೂರೂ ಒಂದೇ ವರ್ಷದಲ್ಲಿ ಕಾಣಿಸಿಕೊಂಡುದು ಕಾಕತಾಳೀಯವೇ ಆದರೂ ಮನಸ್ಸಿಗೆ ತಟ್ಟುವ ಸಂಗತಿ.

ತಂದೆ ಭೂಮಾಪಕರು. ಉಪ್ಸಾಲ ವಿಶ್ವವಿದ್ಯಾನಿಲಯದ ಜಮೀನುಗಳನ್ನು ಅಳೆಯುವುದು, ವೀಕ್‌ನ ಎಸ್ಟೇಟಿನ ಮೇಲ್ವಿಚಾರಣೆ ನೋಡುವುದು ಅವರ ವೃತ್ತಿ. ಮನೆಯಲ್ಲಿ ಲೆಕ್ಕದ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಮಗು ಸ್ವಾಂಟೆ ಮೂರು ವರ್ಷಕ್ಕೇ ಯಾರೂ ಕಲಿಸದೆ ಓದಲು ಕಲಿತ. ತಂದೆ ಖಾತೆಯ ಪುಸ್ತಕದಲ್ಲಿ ಅಂಕಿಗಳ ಸಾಲನ್ನು ಕೂಡುತ್ತಿದ್ದಾಗ ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ಸಂಕಲನವನ್ನೂ ಕಲಿತುಬಿಟ್ಟ. ಎಂಟನೆಯ ವಯಸ್ಸಿಗೆ ಶಾಲೆಗೆ ಸೇರಿಸಿದಾಗ ಅವನನ್ನು ನೇರವಾಗಿ ಐದನೆಯ ತರಗತಿಗೆ ಕೂರಿಸಿದರು. ಅಂಕಿಗಳ ಉದ್ದನೆಯ ಸಾಲುಗಳನ್ನು ಕಂಡು ಹೆದರದ ಆ ಗುಣ ಮುಂದೆ ಜಗತ್ತಿಗೇ ಉಪಯೋಗಕ್ಕೆ ಬಂದಿತು.

ಉಪ್ಸಾಲದಲ್ಲಿ ಕಾಲೇಜು ಓದು ಮುಗಿಯಿತಾದರೂ ಅಲ್ಲಿನ ಗುರುಗಳು ತರುಣನ ಮನಸ್ಸಿಗೆ ಹಿಡಿಸಲಿಲ್ಲ. ೧೮೮೧ರಲ್ಲಿ ಸ್ಟಾಕ್‌ಹೋಮಿಗೆ ಹೋಗಿ, ವಿಜ್ಞಾನ ಅಕಾಡೆಮಿಯ ಎಡ್ಲುಂಡ್ ಎಂಬ ವಿದ್ವಾಂಸರ ಕೈಕೆಳಗೆ ಕೆಲಸ ಮಾಡಿದರು. ದ್ರಾವಣಗಳಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂಬುದು ಅವರ ಸಂಶೋಧನೆಯ ವಿಷಯ. ೧೮೮೪ರಲ್ಲಿ ನೂರೈವತ್ತು ಪುಟಗಳ ಪ್ರಬಂಧವೊಂದನ್ನು ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಾವೇಶವುಳ್ಳ ಕಣಗಳಾಗಿ ಒಡೆಯುತ್ತದೆ ಎಂಬ ಸಿದ್ಧಾಂತ ಅವರಲ್ಲಿ ಬೆಳೆದುದು ಈ ಬೀಜದಿಂದಲೇ. ಅಂದಿನ ಪಂಡಿತರಿಗೆ ಇಂತಹ ವಿಚಾರ ಹುಚ್ಚುತನದಂತೆ ಕಂಡಿತು. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ, ಕ್ಲೋರೀನು ವಿಷವಾಯು. ಇವೆರಡೂ ಉಪ್ಪುನೀರಿನಲ್ಲಿ ಬಿಡಿಬಿಡಿಯಾಗಿ ಇರುವುದಾದರೆ ಸಮುದ್ರದ ಗತಿಯೇನು ಎಂಬ ಸಂದೇಹ ಸಹಜವೇ. ಆವೇಶ ಹೊತ್ತ ಕಣದ ಸ್ವಭಾವ ಮೂಲವಸ್ತುವಿನ ಸ್ವಭಾವವಲ್ಲವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಪರೀಕ್ಷಕರು ಪ್ರಬಂಧಕ್ಕೆ ತೀರ ಕೆಳಗಿನ ದರ್ಜೆ ಕೊಟ್ಟರು. ಆ ದರ್ಜೆಯಿಂದ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಅರ್ಹತೆಯೂ ಸಿಗುವಂತಿರಲಿಲ್ಲ.

ಇಂತಹ ಪೆಟ್ಟಿಗೆ ಅನೇಕರು ಕುಗ್ಗಿಹೋಗುತ್ತಾರೆ. ಅರ್ಹೇನಿಯಸ್ಸರು ಪ್ರಬಂಧದ ಪ್ರತಿಗಳನ್ನು ಯೂರೋಪಿನ ದೊಡ್ಡ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದರು. ಒಂದು ಪ್ರತಿ ರೀಗಾ ನಗರದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡರ ಕೈ ಸೇರಿತು. ಅವರಿಗೆ ಅದೇ ದಿನ ಒಂದು ಹೆಣ್ಣುಮಗು ಹುಟ್ಟಿತ್ತು, ಜೊತೆಗೆ ವಿಪರೀತ ಹಲ್ಲುನೋವು. ಮೂರರಲ್ಲಿ ಹೆಚ್ಚು ತೊಂದರೆ ಕೊಟ್ಟುದು ಆ ಪ್ರಬಂಧವೇ ಎಂದು ಅವರು ಮುಂದೆ ನೆನೆದುಕೊಳ್ಳುತ್ತಿದ್ದರು. ಸುಳ್ಳೆಂದು ತಳ್ಳಿಹಾಕಲು ಬಾರದು, ನಿಜವೆಂದು ನಂಬಲೂ ಆಗದು. ಕೊನೆಗೆ ಆ ಹಿರಿಯರು ತಾವೇ ಹಡಗು ಹತ್ತಿ ಉಪ್ಸಾಲಕ್ಕೆ ಬಂದು ಆ ತರುಣನನ್ನು ಕಂಡು, ತಮ್ಮಲ್ಲಿಗೆ ಕೆಲಸಕ್ಕೆ ಬರುವಂತೆ ಕರೆದರು. ತಂದೆಯ ಕಾಯಿಲೆಯಿಂದಾಗಿ ಮಗ ಕೂಡಲೇ ಹೋಗಲಿಲ್ಲ. ಆದರೆ ಹೊರಗಿನವರು ಮನೆಬಾಗಿಲಿಗೆ ಬಂದು ಮನ್ನಿಸಿದ ಮೇಲೆ ಊರವರ ಕಣ್ಣೂ ತೆರೆಯಿತು. ಉಪ್ಸಾಲದಲ್ಲಿಯೇ ಅಧ್ಯಾಪಕನ ಸ್ಥಾನ ದೊರೆಯಿತು. ೧೮೮೫ರಲ್ಲಿ ತಂದೆ ತೀರಿಕೊಂಡರು. ಅನಂತರ ಅಕಾಡೆಮಿಯ ವೇತನದಿಂದ ರೀಗಾ, ವೂರ್ಟ್ಸ್‌ಬುರ್ಗ್, ಗ್ರಾಟ್ಸ್, ಆಮ್‌ಸ್ಟರ್‌ಡಾಮ್ ಎಂದು ಊರೂರು ಸುತ್ತಿ, ಆ ಕಾಲದ ಮಹಾಮಹಿಮರೊಡನೆ ದುಡಿದರು. ೧೮೮೭ರಲ್ಲಿ ಅವರ ಸಿದ್ಧಾಂತ ಪೂರ್ಣರೂಪದಲ್ಲಿ ಪ್ರಕಟವಾಯಿತು. ಕೆಳಗಿನ ದರ್ಜೆಯ ಪ್ರಬಂಧದಿಂದ ಹೊರಟ ಆ ಕೆಲಸಕ್ಕೇ ೧೯೦೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಗೌರವ ಪಡೆದ ಮೊದಲ ಸ್ವೀಡಿಷ್ ಪ್ರಜೆ ಅವರೇ.

ನಮ್ಮ ವಿಷಯಕ್ಕೆ ಸೇರಿದ ಕಥೆ ಈ ಎರಡು ಘಟನೆಗಳ ನಡುವೆ, ಸ್ಟಾಕ್‌ಹೋಮಿನಲ್ಲಿ ನಡೆಯಿತು. ೧೮೯೧ರಲ್ಲಿ ಅಲ್ಲಿನ ಉನ್ನತ ವಿದ್ಯಾಲಯಕ್ಕೆ ಅವರು ಅಧ್ಯಾಪಕರಾಗಿ ಬಂದರು. ಊರಿನ ಭೌತಶಾಸ್ತ್ರ ಸಂಘದಲ್ಲಿ ಬೇರೆ ಬೇರೆ ಶಾಸ್ತ್ರದವರು ಕೂಡಿ ಚರ್ಚೆ ಮಾಡುತ್ತಿದ್ದರು. ಅಲ್ಲಿ ಮತ್ತೆ ಮತ್ತೆ ಏಳುತ್ತಿದ್ದ ಪ್ರಶ್ನೆ ಹಿಮಯುಗದ್ದು. ಸ್ವೀಡನ್ನಿನ ಬಂಡೆಗಳ ಮೇಲೆ ಹಿಮರಾಶಿ ಉಜ್ಜಿ ಹೋದ ಗೀರುಗಳು ಇಂದಿಗೂ ಕಾಣುತ್ತವೆ. ಒಂದು ಕಾಲಕ್ಕೆ ಆ ದೇಶವೆಲ್ಲ ಮಂಜಿನ ಗಡ್ಡೆಯ ಕೆಳಗೆ ಹೂತಿತ್ತು. ಅದು ಏಕೆ ಬಂದಿತು, ಏಕೆ ಹೋಯಿತು? ಭೂಮಿಯ ಉಷ್ಣಮಾನವನ್ನು ಅಷ್ಟು ಏರಿಸಿ ಇಳಿಸುವ ಶಕ್ತಿ ಯಾವುದಕ್ಕಿದೆ?

ಅರ್ಹೇನಿಯಸ್ಸರ ದೃಷ್ಟಿ ಇಂಗಾಲಾಮ್ಲ ವಾಯುವಿನ ಕಡೆ ತಿರುಗಿತು. ಇಂದಿನ ಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎನ್ನುವುದು ಇದನ್ನೇ. ಗಾಳಿಯಲ್ಲಿ ಅದರ ಪ್ರಮಾಣ ಅತ್ಯಲ್ಪ. ಆ ಕಾಲಕ್ಕೆ ಹತ್ತು ಸಾವಿರ ಪಾಲಿನಲ್ಲಿ ಮೂರು ಪಾಲು. ಆದರೆ ಅದರ ಗುಣ ವಿಚಿತ್ರವಾದುದು. ಸೂರ್ಯನ ಬೆಳಕನ್ನು ಅದು ಬಹುಮಟ್ಟಿಗೆ ತಡೆಯದೆ ಒಳಕ್ಕೆ ಬಿಡುತ್ತದೆ. ಕಾದ ನೆಲದಿಂದ ಮೇಲೇಳುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಮಾತ್ರ ತಡೆಹಿಡಿದು, ಒಂದು ಪಾಲನ್ನು ಮತ್ತೆ ನೆಲಕ್ಕೆ ಹಿಂದಿರುಗಿಸುತ್ತದೆ. ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ; ಹೊದ್ದವರ ಮೈಶಾಖ ಹೊರಗೆ ಹೋಗದಂತೆ ಮಾಡುತ್ತದೆ. ಇದೂ ಹಾಗೆಯೇ. ಕಂಬಳಿ ಸ್ವಲ್ಪ ದಪ್ಪವಾದರೆ ಎಷ್ಟು ಬಿಸಿ, ಸ್ವಲ್ಪ ತೆಳ್ಳಗಾದರೆ ಎಷ್ಟು ತಂಪು? ಈ ಎಷ್ಟು ಎಂಬುದಕ್ಕೆ ಅದುವರೆಗೆ ಯಾರೂ ಅಂಕಿಯಲ್ಲಿ ಉತ್ತರ ಕೊಟ್ಟಿರಲಿಲ್ಲ.

ಅವರು ಲೆಕ್ಕಕ್ಕೆ ಕುಳಿತುದು ೧೮೯೪ರ ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನವೆಂದು ಹೇಳುತ್ತಾರೆ. ಯಂತ್ರಗಣಕವಿಲ್ಲದ ಕಾಲ. ಬೇಕಾದ ಅಳತೆಗಳು ದೊರೆತುದು ಅನಿರೀಕ್ಷಿತವಾದ ಕಡೆಯಿಂದ. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ಖಗೋಳವಿಜ್ಞಾನಿ ಚಂದ್ರನಿಂದ ಬರುವ ಶಾಖವನ್ನು ಅಳೆದು ಕೋಷ್ಟಕಗಳನ್ನು ಅಚ್ಚು ಹಾಕಿಸಿದ್ದರು. ಚಂದ್ರ ನೆತ್ತಿಯ ಮೇಲಿದ್ದಾಗ ಅವನ ಕಿರಣ ಸ್ವಲ್ಪ ಗಾಳಿಯನ್ನು ದಾಟಿ ಬರುತ್ತದೆ. ದಿಗಂತದ ಬಳಿ ಇದ್ದಾಗ ಬಹಳ ಗಾಳಿಯನ್ನು ದಾಟಬೇಕು. ಹೆಚ್ಚು ಗಾಳಿ ದಾಟಿದಾಗ ಎಷ್ಟು ಶಾಖ ಕಡಿಮೆಯಾಗುತ್ತದೆಂದು ನೋಡಿದರೆ, ಗಾಳಿ ಎಷ್ಟನ್ನು ಹೀರುತ್ತದೆಂಬುದು ತಿಳಿದಂತಾಯಿತು. ಲ್ಯಾಂಗ್ಲಿಯವರು ಚಂದ್ರನಿಗಾಗಿ ಬರೆದ ಅಂಕಿಗಳನ್ನು ಅರ್ಹೇನಿಯಸ್ಸರು ಭೂಮಿಗಾಗಿ ಓದಿದರು.

ಭೂಗೋಳವನ್ನು ಹತ್ತು ಹತ್ತು ಡಿಗ್ರಿ ಅಕ್ಷಾಂಶದ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಗೂ ನಾಲ್ಕು ಋತುಗಳಲ್ಲಿ, ಇಂಗಾಲಾಮ್ಲ ವಾಯುವಿನ ಬೇರೆ ಬೇರೆ ಪ್ರಮಾಣಗಳಿಗೆ ಉಷ್ಣಮಾನ ಎಷ್ಟಾದೀತೆಂದು ಬಿಡಿಬಿಡಿಯಾಗಿ ಲೆಕ್ಕ ಮಾಡಿದರು. ನೆಲ ಬಿಸಿಯಾದರೆ ನೀರಾವಿ ಹೆಚ್ಚುತ್ತದೆ. ನೀರಾವಿಯೂ ಶಾಖ ಹಿಡಿಯುವುದರಿಂದ ಇನ್ನಷ್ಟು ಬಿಸಿಯಾಗುತ್ತದೆ. ಹಿಮ ಕರಗಿದಲ್ಲಿ ಕಪ್ಪು ನೆಲ ತೆರೆದುಕೊಂಡು ಬಿಸಿಲನ್ನು ಹೆಚ್ಚು ಹೀರುತ್ತದೆ. ಇವನ್ನೂ ಅವರು ಗಮನಕ್ಕೆ ತಂದುಕೊಂಡರು. ಒಂದು ಅಂಕಿ ತಪ್ಪಿದರೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಹಿಡಿಯಬೇಕು. ಸುಮಾರು ಒಂದು ವರ್ಷ ಹೀಗೆ ಕಳೆಯಿತು.

ಅದೇ ವರ್ಷದಲ್ಲಿ ಅವರ ಮನೆ ಒಡೆಯಿತು. ತಮ್ಮ ಶಿಷ್ಯೆಯಾಗಿದ್ದ ಸೋಫಿಯಾ ರುಡ್‌ಬೆಕ್ ಎಂಬಾಕೆಯನ್ನು ೧೮೯೪ರಲ್ಲಿ ಮದುವೆಯಾಗಿದ್ದರು. ೧೮೯೫ರಲ್ಲಿ ಓಲೊಫ್ ಎಂಬ ಮಗ ಹುಟ್ಟಿದ. ೧೮೯೬ರಲ್ಲಿ ವಿವಾಹ ಮುರಿದುಬಿದ್ದಿತು. ಹೊರಗೆ ಉತ್ತರದೇಶದ ದೀರ್ಘ ರಾತ್ರಿ, ಒಳಗೆ ಬರಿದಾದ ಮನೆ, ಎದುರಿಗೆ ಅಂಕಿಗಳ ಸಾಲು. ದುಃಖವನ್ನು ದುಡಿಮೆಯಲ್ಲಿ ಮುಳುಗಿಸುವುದು ದೂರದ ಊರುಗಳಲ್ಲಿ ಬಾಳುವ ನಮ್ಮಂಥವರಿಗೆ ಹೊಸದಲ್ಲ. ಆ ದುಡಿಮೆ ಅವರನ್ನು ಎತ್ತಿಹಿಡಿದಿರಲೂಬಹುದು.

ಫಲಿತಾಂಶವನ್ನು ೧೮೯೫ರ ಡಿಸೆಂಬರಿನಲ್ಲಿ ಅಕಾಡೆಮಿಯ ಮುಂದಿಟ್ಟರು. ೧೮೯೬ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಒಂದು ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಂಗಾಲಾಮ್ಲ ವಾಯು ಅರ್ಧಕ್ಕೆ ಇಳಿದರೆ ಭೂಮಿ ನಾಲ್ಕೈದು ಡಿಗ್ರಿ ಸೆಂಟಿಗ್ರೇಡಿನಷ್ಟು ತಣ್ಣಗಾಗುತ್ತದೆ. ಎರಡರಷ್ಟಾದರೆ ಐದಾರು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಇಂದಿನ ವಿಜ್ಞಾನಿಗಳು ಎರಡರಷ್ಟಾದಾಗಿನ ಏರಿಕೆಯನ್ನು ಎರಡೂವರೆಯಿಂದ ನಾಲ್ಕು ಡಿಗ್ರಿಯ ನಡುವೆ, ಹೆಚ್ಚಾಗಿ ಮೂರು ಡಿಗ್ರಿ ಎಂದು ಎಣಿಸುತ್ತಾರೆ. ಚಂದ್ರನ ಬೆಳಕನ್ನು ನಂಬಿ ಕೈಯಿಂದ ಮಾಡಿದ ಲೆಕ್ಕ ಇಷ್ಟು ಹತ್ತಿರ ಬಂದುದರಲ್ಲಿ ಅದೃಷ್ಟದ ಪಾಲೂ ಇತ್ತು. ದಾರಿ ಮಾತ್ರ ಸರಿಯಾದುದೇ.

ಆದರೆ ಈ ಒಟ್ಟು ಮೊತ್ತಕ್ಕಿಂತ ಮುಖ್ಯವಾದುದು ಆ ಕೋಷ್ಟಕಗಳ ಒಳಗಿದ್ದಿತು. ಇಂಗಾಲಾಮ್ಲ ವಾಯು ಹೆಚ್ಚಾದರೆ ಭೂಮಿ ಎಲ್ಲೆಡೆಯೂ ಒಂದೇ ಸಮನಾಗಿ ಬಿಸಿಯಾಗುವುದಿಲ್ಲವೆಂದು ಅವು ತೋರಿಸಿದವು. ಸಮಭಾಜಕವೃತ್ತದ ಕಡೆ ಕಡಿಮೆ, ಧ್ರುವಗಳ ಕಡೆ ಹೆಚ್ಚು. ಬೇಸಗೆಗಿಂತ ಚಳಿಗಾಲದಲ್ಲಿ ಹೆಚ್ಚು. ಸಮುದ್ರಕ್ಕಿಂತ ನೆಲದ ಮೇಲೆ ಹೆಚ್ಚು. ದಕ್ಷಿಣಾರ್ಧಕ್ಕಿಂತ ಉತ್ತರಾರ್ಧದಲ್ಲಿ ಹೆಚ್ಚು. ಹಗಲು ರಾತ್ರಿಗಳ ನಡುವಣ ಅಂತರ ಕಡಿಮೆಯಾಗುತ್ತದೆ, ಎಂದರೆ ರಾತ್ರಿಗಳು ಹಗಲಿಗಿಂತ ಬೇಗ ಬಿಸಿಯಾಗುತ್ತವೆ. ಕಳ್ಳನು ಬಂದುಹೋದ ಮೇಲೆ ಹೆಜ್ಜೆಗುರುತನ್ನು ಹುಡುಕುವುದುಂಟು. ಇಲ್ಲಿ ಹೆಜ್ಜೆಯ ಅಚ್ಚನ್ನು ಮೊದಲೇ ಬರೆದಿಟ್ಟಂತಾಯಿತು. ಮುಂದೊಂದು ದಿನ ಭೂಮಿ ಬಿಸಿಯಾದರೆ, ಅದು ಯಾರ ಹೆಜ್ಜೆಯೆಂದು ಹೋಲಿಸಿ ನೋಡಲು ಒಂದು ಮಾದರಿ ಸಿದ್ಧವಾಯಿತು. ಇದನ್ನು ಬರೆದವರಿಗೇ ಅದರ ಬೆಲೆ ಪೂರ್ತಿಯಾಗಿ ತಿಳಿದಿರಲಿಲ್ಲ. ಅವರ ಗಮನವೆಲ್ಲ ಹಿಂದೆ ಆಗಿಹೋದ ಹಿಮಯುಗದ ಮೇಲಿತ್ತು.

ಮನುಷ್ಯನ ಪಾತ್ರ ಈ ಲೆಕ್ಕದೊಳಕ್ಕೆ ಬಂದುದು ಒಬ್ಬ ಸ್ನೇಹಿತರ ಮೂಲಕ. ಆರ್ವಿಡ್ ಹೋಗ್ಬೊಮ್ ಎಂಬ ಭೂವಿಜ್ಞಾನಿ ಇಂಗಾಲದ ಜಮಾಖರ್ಚನ್ನು ಬರೆಯುತ್ತಿದ್ದರು. ಜ್ವಾಲಾಮುಖಿಗಳಿಂದ ಎಷ್ಟು ಜಮೆ, ಬಂಡೆಗಳಿಗೂ ಕಡಲಿಗೂ ಎಷ್ಟು ಖರ್ಚು ಎಂದು ಎಣಿಸುತ್ತ, ಕಾರ್ಖಾನೆಗಳಲ್ಲಿ ಉರಿಯುವ ಕಲ್ಲಿದ್ದಲನ್ನೂ ಒಂದು ಬಾಬತ್ತಾಗಿ ಸೇರಿಸಿದರು. ಆಗ ಜಗತ್ತು ವರ್ಷಕ್ಕೆ ಸುಮಾರು ೫೦ ಕೋಟಿ ಟನ್ ಕಲ್ಲಿದ್ದಲನ್ನು ಸುಡುತ್ತಿತ್ತು. ಅದರಿಂದ ಹೊರಟ ವಾಯು ಗಾಳಿಯಲ್ಲಿ ಇರುವುದರ ಸಾವಿರದಲ್ಲಿ ಒಂದು ಪಾಲು. ಆ ವೇಗದಲ್ಲಿ ಹೋದರೆ ಗುರುತಿಸುವಷ್ಟು ವ್ಯತ್ಯಾಸವಾಗಲು ಸಾವಿರಾರು ವರ್ಷ ಬೇಕೆಂದು ಅರ್ಹೇನಿಯಸ್ಸರು ಮೊದಲು ಎಣಿಸಿದರು. ಹತ್ತು ವರ್ಷಗಳ ಅನಂತರ ಜನಸಾಮಾನ್ಯರಿಗಾಗಿ ಪುಸ್ತಕವೊಂದನ್ನು ಬರೆಯುವ ವೇಳೆಗೆ ಕಲ್ಲಿದ್ದಲಿನ ಬಳಕೆ ೮೯ ಕೋಟಿ ಟನ್ನಿಗೆ ಏರಿತ್ತು. ಸಾವಿರಾರು ವರ್ಷವೆಂದುದನ್ನು ಅವರು ಕೆಲವು ಶತಮಾನಗಳಿಗೆ ಇಳಿಸಿದರು.

ಅದರ ಪರಿಣಾಮ ಕೆಟ್ಟದೆಂದು ಮಾತ್ರ ಅವರಿಗೆ ತೋರಲಿಲ್ಲ. ಭೂಮಿ ಸ್ವಲ್ಪ ಬೆಚ್ಚಗಾದರೆ ಶೀತದೇಶಗಳಲ್ಲಿ ಬೆಳೆ ಹುಲುಸಾಗಿ ಬಂದೀತು, ಹೆಚ್ಚುತ್ತಿರುವ ಜನರ ಹೊಟ್ಟೆ ತುಂಬೀತು, ಹಿಮಯುಗ ಮರಳಿ ಬರುವ ಭಯ ತಪ್ಪೀತು ಎಂದು ಅವರು ಸಮಾಧಾನಪಟ್ಟರು. ವರ್ಷದಲ್ಲಿ ಅರ್ಧಕಾಲ ಮಂಜಿನಲ್ಲಿ ನಡುಗುವ ನಾಡಿನಲ್ಲಿ ಕುಳಿತು ಬರೆದವರಿಗೆ ಬೆಚ್ಚಗಾಗುವುದು ವರವಾಗಿ ಕಂಡರೆ ಆಶ್ಚರ್ಯವೇನು? ರಾಯಚೂರಿನ ಬಿಸಿಲಿನಲ್ಲಿ ಕಳೆ ಕೀಳುವ ಹೆಂಗಸು ಆ ಕೋಷ್ಟಕವನ್ನು ಓದಬಲ್ಲವಳಾಗಿದ್ದರೆ ಅವಳಿಗೆ ಬೇರೆಯೇ ಅರ್ಥ ಹೊಳೆಯುತ್ತಿತ್ತು. ಲೆಕ್ಕ ಒಂದೇ, ಅದನ್ನು ಎಲ್ಲಿ ನಿಂತು ಓದುತ್ತೇವೆ ಎಂಬುದರಿಂದ ಲಾಭನಷ್ಟದ ಅರ್ಥ ಬೇರೆಯಾಗುತ್ತದೆ. ಅವರ ಅಂಕಿಗಳು ನಿಂತವು. ಅವರ ಸಮಾಧಾನ ನಿಲ್ಲಲಿಲ್ಲ.

ಆ ಅಂಕಿಗಳಿಗೂ ಬಹುಕಾಲ ಮನ್ನಣೆ ದೊರೆಯಲಿಲ್ಲ. ೧೯೦೦ರಲ್ಲಿ ಉಪ್ಸಾಲದ ಕ್ನೂಟ್ ಆಂಗ್‌ಸ್ಟ್ರೋಮ್ ಎಂಬ ಭೌತವಿಜ್ಞಾನಿ ಪ್ರಯೋಗದ ಆಧಾರದಿಂದ ಆಕ್ಷೇಪವೆತ್ತಿದರು. ಇರುವ ಇಂಗಾಲಾಮ್ಲವೇ ಹೀರಬೇಕಾದ ಶಾಖವನ್ನೆಲ್ಲ ಹೀರಿಬಿಟ್ಟಿದೆ, ಇನ್ನು ಹೆಚ್ಚಾದರೂ ಭೇದವಾಗದೆಂಬುದು ಅವರ ವಾದದ ಸಾರ. ಮೇಲಿನ ತೆಳುವಾದ ಗಾಳಿಯ ಪದರಗಳಲ್ಲಿ ನಡೆಯುವ ಕ್ರಿಯೆ ಆಗ ತಿಳಿದಿರಲಿಲ್ಲವಾದ್ದರಿಂದ, ಹೆಚ್ಚಿನ ವಿದ್ವಾಂಸರು ಆಕ್ಷೇಪದ ಕಡೆಗೇ ವಾಲಿದರು. ಅರ್ಹೇನಿಯಸ್ಸರು ಉತ್ತರ ಬರೆದರು, ಕೇಳುವವರು ಕಡಿಮೆ. ಐವತ್ತು ವರ್ಷಗಳ ಅನಂತರವಷ್ಟೇ ಆ ಆಕ್ಷೇಪ ಹುರುಳಿಲ್ಲದ್ದೆಂದು ಸ್ಪಷ್ಟವಾಯಿತು.

ಅವರ ಉಳಿದ ಬಾಳು ಸನ್ಮಾನಗಳದ್ದು. ೧೯೦೫ರಲ್ಲಿ ಬರ್ಲಿನ್ನಿನಿಂದ ಬಂದ ಆಹ್ವಾನವನ್ನು ಬಿಟ್ಟು ತಮ್ಮ ದೇಶದಲ್ಲಿಯೇ ನಿಂತರು. ಅವರಿಗಾಗಿ ಭೌತ ರಸಾಯನಶಾಸ್ತ್ರದ ನೊಬೆಲ್ ಸಂಸ್ಥೆಯೊಂದನ್ನು ಸ್ಥಾಪಿಸಲಾಯಿತು. ಅದೇ ವರ್ಷ ಮರಿಯಾ ಯೊಹಾನ್ಸನ್ ಎಂಬಾಕೆಯನ್ನು ಮದುವೆಯಾಗಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳೊಡನೆ ತುಂಬಿದ ಸಂಸಾರ ಕಂಡರು. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಮತ್ತು ಆಸ್ಟ್ರಿಯನ್ ವಿಜ್ಞಾನಿಗಳನ್ನು ಬಿಡಿಸಿ ಊರಿಗೆ ಕಳುಹಿಸಲು ಶ್ರಮಿಸಿದರು. ಅವರ ಬಾಳಿನಲ್ಲಿ ಕಲೆಗಳೂ ಇದ್ದವು. ಆ ಕಾಲದ ಅನೇಕ ವಿದ್ಯಾವಂತರಂತೆ ಅವರೂ ಜನಾಂಗದ ಶುದ್ಧಿಯೆಂಬ ತಪ್ಪು ವಿಚಾರದ ಸಂಘವೊಂದರಲ್ಲಿ ಪಾಲ್ಗೊಂಡಿದ್ದರು. ಒಂದು ವಿಷಯದಲ್ಲಿ ದೂರ ಕಂಡವರು ಇನ್ನೊಂದರಲ್ಲಿ ಹತ್ತಿರದ್ದನ್ನೂ ಕಾಣದಿರಬಹುದು. ದೊಡ್ಡವರ ಚರಿತ್ರೆ ಓದುವಾಗ ಇದನ್ನೂ ಮುಚ್ಚಿಡದೆ ನೋಡಬೇಕು. ೧೯೨೭ನೆಯ ಅಕ್ಟೋಬರ್ ೨ರಂದು ಅವರು ಸ್ಟಾಕ್‌ಹೋಮಿನಲ್ಲಿ ಕಾಲವಾದರು. ಶರೀರವನ್ನು ಉಪ್ಸಾಲಕ್ಕೆ ಒಯ್ದು ಸಮಾಧಿ ಮಾಡಿದರು.

ಅವರು ಹೋದರು, ಲೆಕ್ಕದ ಪುಸ್ತಕ ತೆರೆದೇ ಇತ್ತು. ೧೯೩೮ರಲ್ಲಿ ಇಂಗ್ಲೆಂಡಿನ ಗೈ ಕ್ಯಾಲೆಂಡರ್ ಎಂಬ ಉಗಿಯಂತ್ರದ ಎಂಜಿನಿಯರು, ಬಿಡುವಿನ ವೇಳೆಯಲ್ಲಿ ಲೋಕದ ನಾನಾ ಕಡೆಗಳ ಸುಮಾರು ನೂರೈವತ್ತು ಹವಾಮಾನ ಠಾಣೆಗಳ ದಾಖಲೆಗಳನ್ನು ಕೂಡಿಹಾಕಿ, ಭೂಮಿ ಆಗಲೇ ಬಿಸಿಯಾಗುತ್ತಿದೆಯೆಂದು ತೋರಿಸಿದರು. ಅದಕ್ಕೆ ಕಲ್ಲಿದ್ದಲಿನ ಹೊಗೆಯನ್ನು ಕಾರಣವಾಗಿ ಜೋಡಿಸಿದರು. ಕಂಡ ಪರಿಣಾಮವನ್ನೂ ಮನುಷ್ಯನ ಕೈಯನ್ನೂ ಹೀಗೆ ಅಂಕಿಗಳಿಂದ ಕಟ್ಟಿದವರಲ್ಲಿ ಅವರು ಮೊದಲಿಗರು. ೧೯೫೦ರ ದಶಕದಲ್ಲಿ ಹ್ಯಾನ್ಸ್ ಸ್ಯೂಸ್ ಎಂಬವರು ಇನ್ನೊಂದು ಸಾಕ್ಷ್ಯವನ್ನು ಹುಡುಕಿದರು. ಕೋಟಿಗಟ್ಟಲೆ ವರ್ಷ ನೆಲದೊಳಗೆ ಹೂತಿದ್ದ ಕಲ್ಲಿದ್ದಲಿನಲ್ಲಿ ವಿಕಿರಣಶೀಲ ಇಂಗಾಲ ಉಳಿದಿರುವುದಿಲ್ಲ. ಗಾಳಿಯ ಇಂಗಾಲದಲ್ಲಿ ಅದರ ಪಾಲು ತೆಳುವಾಗುತ್ತಿದ್ದುದು ಮರಗಳ ಉಂಗುರಗಳಲ್ಲಿ ಕಂಡುಬಂದಿತು. ಬೆರೆತುದು ಹಳೆಯ ಇಂಗಾಲವೇ ಎಂಬುದಕ್ಕೆ ಅದು ಮುದ್ರೆಯೊತ್ತಿತು. ೧೯೫೮ರಲ್ಲಿ ಚಾರ್ಲ್ಸ್ ಕೀಲಿಂಗ್ ಅವರು ಹವಾಯಿ ದ್ವೀಪದ ಬೆಟ್ಟದ ಮೇಲೆ ಗಾಳಿಯನ್ನು ಅಳೆಯತೊಡಗಿದಾಗ ಹತ್ತು ಲಕ್ಷಕ್ಕೆ ೩೧೫ ಪಾಲು ಇಂಗಾಲಾಮ್ಲ ವಾಯು ಇತ್ತು. ಈಗ ಅದು ೪೨೦ನ್ನು ದಾಟಿದೆ. ಕೈಗಾರಿಕೆಗಳ ಯುಗಕ್ಕೆ ಮೊದಲು ಇದ್ದುದು ಸುಮಾರು ೨೮೦.

ಹೆಜ್ಜೆಯ ಅಚ್ಚನ್ನು ಹೋಲಿಸುವ ಕೆಲಸಕ್ಕೆ ಗಣಿತದ ಕ್ರಮವನ್ನು ಒದಗಿಸಿದವರು ಜರ್ಮನಿಯ ಕ್ಲೌಸ್ ಹಾಸೆಲ್‌ಮನ್. ಸೂರ್ಯ ಪ್ರಖರನಾಗಿದ್ದರೆ ಗಾಳಿಯ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗಿನ ಪದರ ಬಿಸಿಯಾಗಿ ಮೇಲಿನ ಪದರ ತಣ್ಣಗಾಗಿದೆ. ಅದರಲ್ಲಿ ಓಜೋನು ಕುಗ್ಗಿದುದರ ಪಾಲೂ ಉಂಟು; ಆದರೂ ಕಂಬಳಿ ದಪ್ಪವಾದರೆ ಆಗಬೇಕಾದುದು ಇದೇ. ಹೀಗಾಗುವುದೆಂದು ಸ್ಯುಕುರೊ ಮನಾಬೆ ೧೯೬೭ರಲ್ಲಿಯೇ ಗಣಕಯಂತ್ರದಿಂದ ತೋರಿಸಿದ್ದರು. ಉತ್ತರಧ್ರುವದ ಸುತ್ತಿನ ಪ್ರದೇಶ ೧೯೭೯ರಿಂದೀಚೆಗೆ ಉಳಿದ ಲೋಕಕ್ಕಿಂತ ಮೂರು ನಾಲ್ಕು ಪಾಲು ವೇಗವಾಗಿ ಬಿಸಿಯಾಗಿದೆ. ಕಡಲಿಗಿಂತ ನೆಲ ಹೆಚ್ಚು ಕಾದಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ನೆಲದ ಮೇಲಿನ ರಾತ್ರಿಗಳು ಹಗಲಿಗಿಂತ ಹೆಚ್ಚು ಬಿಸಿಯಾದವು. ೧೮೯೬ರ ಕೋಷ್ಟಕದ ಗುರುತುಗಳು ಒಂದೊಂದಾಗಿ ಭೂಮಿಯ ಮೇಲೆ ಮೂಡಿದವು. ಮನಾಬೆ, ಹಾಸೆಲ್‌ಮನ್ ಇಬ್ಬರಿಗೂ ೨೦೨೧ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಅದನ್ನು ಕೊಟ್ಟುದು, ನೂರಿಪ್ಪತ್ತೈದು ವರ್ಷಗಳ ಹಿಂದೆ ಅರ್ಹೇನಿಯಸ್ಸರು ತಮ್ಮ ಲೆಕ್ಕವನ್ನು ಒಪ್ಪಿಸಿದ್ದ ಅದೇ ಅಕಾಡೆಮಿ.

ಈಗ ನಮ್ಮ ಜಗಲಿಯ ಮಾತಿಗೆ ಹಿಂದಿರುಗೋಣ. ಒಂದೊಂದು ಬಿಸಿಗಾಳಿಗೆ, ಒಂದೊಂದು ಪ್ರವಾಹಕ್ಕೆ ಮನುಷ್ಯನ ಪಾಲೆಷ್ಟೆಂದು ಲೆಕ್ಕ ಹಾಕುವ ಶಾಸ್ತ್ರ ಈಗ ಬೆಳೆದಿದೆ. ೨೦೨೨ರ ಮಾರ್ಚ್ ತಿಂಗಳು ಭಾರತದ ೧೨೨ ವರ್ಷಗಳ ದಾಖಲೆಯಲ್ಲಿ ಅತ್ಯಂತ ಬಿಸಿಯಾದ ಮಾರ್ಚ್. ಉತ್ತರದಲ್ಲಿ ಗೋಧಿಯ ಕಾಳು ಜೊಳ್ಳಾಯಿತು. ಅಂತಹ ಬೇಸಗೆ ಬರುವ ಸಂಭವವನ್ನು ಮನುಷ್ಯಕೃತ ಬದಲಾವಣೆ ಸುಮಾರು ೩೦ ಪಾಲು ಹೆಚ್ಚಿಸಿದೆಯೆಂದು ವಿಜ್ಞಾನಿಗಳು ಕಂಡುಕೊಂಡರು.

ಆದರೆ ಅದೇ ಶಾಸ್ತ್ರ ೨೦೧೫ರ ಡಿಸೆಂಬರಿನ ನಮ್ಮ ಚೆನ್ನೈ ಮಳೆಯನ್ನು ಪರೀಕ್ಷಿಸಿದಾಗ ಉತ್ತರ ಬೇರೆಯಾಗಿತ್ತು. ಅಡ್ಯಾರು ಹೊಳೆ ಉಕ್ಕಿ ಮನೆಗಳ ಒಳಗೆ ನುಗ್ಗಿದ ಆ ರಾತ್ರಿಯನ್ನು ಈ ಸಂಚಿಕೆ ಓದುವ ಅನೇಕರು ಮರೆತಿರಲಾರರು. ಎಲ್ಲರೂ ಹವಾಮಾನದ ಬದಲಾವಣೆಯನ್ನೇ ದೂರಿದ್ದೆವು. ಆ ಒಂದು ದಿನದ ಮಳೆಯಲ್ಲಿ ಭೂಮಿ ಬಿಸಿಯಾದುದರ ಗುರುತು ಕಂಡುಬರಲಿಲ್ಲವೆಂದೂ, ಗಾಳಿಯಲ್ಲಿನ ಧೂಳುಹೊಗೆ ಅದರ ಪ್ರಭಾವವನ್ನು ಅದುವರೆಗೆ ತಡೆದಿರಬಹುದೆಂದೂ ೨೦೧೬ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೆರೆಗಳನ್ನು ಮುಚ್ಚಿ, ಪಳ್ಳಿಕರಣೈಯ ಜೌಗನ್ನು ಒತ್ತಿ, ನೀರು ಹೋಗುವ ದಾರಿಯಲ್ಲಿ ಮನೆ ಕಟ್ಟಿದುದರ ಬಾಬತ್ತು ನಮ್ಮ ಊರಿನ ಖಾತೆಯಲ್ಲಿಯೇ ಉಳಿಯಿತು.

ಈ ಎರಡು ಉತ್ತರಗಳನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಮಾತ್ರ ಲೆಕ್ಕದ ಬೆಲೆ ತಿಳಿಯುತ್ತದೆ. ಎಲ್ಲ ಆಪತ್ತನ್ನೂ ಒಂದೇ ಖಾತೆಗೆ ಬರೆಯುವವನ ಮಾತನ್ನು ಯಾರೂ ನಂಬುವುದಿಲ್ಲ. ಬರೆಯಬಾರದ ಕಡೆ ಬರೆಯದೆ ಬಿಟ್ಟವನು, ಬರೆದ ಕಡೆ ಕೇಳುವ ಹಕ್ಕನ್ನು ಗಳಿಸಿಕೊಳ್ಳುತ್ತಾನೆ. ಜಗತ್ತು ಬಿಸಿಯಾಗಿರುವುದು ಮನುಷ್ಯನಿಂದಲೇ ಎಂದು ವಿಜ್ಞಾನ ಇಂದು ಸಂಶಯವಿಲ್ಲದೆ ಹೇಳುತ್ತಿದ್ದರೆ, ಅದು ಕೂಗಿ ಗಳಿಸಿದ ನಂಬಿಕೆಯಲ್ಲ. ಒಂದೊಂದು ಬಾಬತ್ತನ್ನೂ ಕೂಡಿ, ಕಳೆದು, ಮತ್ತೆ ಕೂಡಿ ಗಳಿಸಿದ್ದು.

ನಮ್ಮ ಹಿರಿಯರಲ್ಲಿ ಅನೇಕರು ಈ ಊರಿಗೆ ಬಂದುದು ಲೆಕ್ಕ ಬರೆಯುವ ಕೆಲಸಕ್ಕೆ. ಹೋಟೆಲಿನ ಗಲ್ಲಾದಲ್ಲಿ, ಬ್ಯಾಂಕಿನ ಮೇಜಿನ ಹಿಂದೆ, ರೈಲ್ವೆಯ ಕಚೇರಿಯಲ್ಲಿ ಕುಳಿತು ರಾತ್ರಿ ಬಹಳ ಹೊತ್ತಾದರೂ ಒಂದು ಪೈಸೆಯ ವ್ಯತ್ಯಾಸವನ್ನು ಹುಡುಕಿದವರು ಅವರು. ವ್ಯತ್ಯಾಸ ಸಿಕ್ಕುವವರೆಗೆ ಪುಸ್ತಕ ಮುಚ್ಚಬಾರದೆಂಬ ಶಿಸ್ತು ಅವರದು. ಅಪ್ಪನ ಖಾತೆಪುಸ್ತಕದ ಪಕ್ಕದಲ್ಲಿ ನಿಂತು ಕೂಡುವುದನ್ನು ಕಲಿತ ಆ ಉಪ್ಸಾಲದ ಹುಡುಗನದೂ ಅದೇ ಶಿಸ್ತು. ಅವರ ಲೆಕ್ಕದಲ್ಲಿ ಈಗ ನಮ್ಮ ಹೆಸರುಗಳೂ ಬಂದಿವೆ. ಸುಟ್ಟವರ ಸಾಲು ಒಂದು, ಬೆಂದವರ ಸಾಲು ಇನ್ನೊಂದು, ಎರಡರಲ್ಲಿಯೂ ನಾವಿದ್ದೇವೆ. ಮುಂದಿನ ಬೇಸಗೆಯಲ್ಲಿ ಊರಿನ ಜಗಲಿಯ ಮೇಲೆ ಮತ್ತೆ ಆ ಮಾತು ಬಂದ ದಿನ, ಪಕ್ಕದಲ್ಲಿ ನಿಂತು ಕೇಳುವ ಮಗುವಿಗೆ ಅದನ್ನು ಕಾಲಮಹಿಮೆಯೆಂದು ಹೇಳಿ ಕಳುಹಿಸದೆ, ಕೂತುಕೊಂಡು ಲೆಕ್ಕ ತೋರಿಸಬೇಕು.